ಥೈರಾಯ್ಡ್ ಆಪರೇಷನ್ ನಂತರ ದನಿ ಹೋದರೆ ನರ ಜೋಡಿಸಬಹುದಾ?

ಥೈರಾಯ್ಡ್ ಗಂಟು ತೆಗೆಸಿ ನಾಲ್ಕು ತಿಂಗಳಾಯಿತು. ಎಡಗಡೆ ಸ್ವರತಂತು ಅಲುಗುತ್ತಿಲ್ಲವಂತೆ. ನಾನು ಟೀಚರ್, ವಯಸ್ಸು 36. ನರ ಜೋಡಿಸಿದರೆ ತಂತು ಮೊದಲಿನ ಹಾಗೆ ಆಡುತ್ತಾ? – ಓದುಗರು, ಹರಿಹರ

ಮೇಡಂ, ತಂತು ಆಡುವುದಿಲ್ಲ. ಆದರೆ ದನಿ ಬರಬಹುದು. ಇವೆರಡೂ ಬೇರೆ ಬೇರೆ ಅಂತ ದಾವಣಗೆರೆಯ ನನ್ನ ಕ್ಲಿನಿಕ್‌ನಲ್ಲಿ ದಿನಾ ಹೇಳಿ ಹೇಳಿ ಸಾಕಾಗಿದೆ.

ತಂತು ತೆರೆಯುವ ಎಳೆ, ಮುಚ್ಚುವ ಎಳೆ ಎರಡೂ ಥೈರಾಯ್ಡ್‌ಗೆ ಅಂಟಿಕೊಂಡೇ ಹಾಯುವ ಒಂದೇ ನರದಲ್ಲಿವೆ. ಹೊಲಿದ ಮೇಲೆ ಎಳೆಗಳು ಅದಲುಬದಲಾಗಿ ಬೆಳೆಯುತ್ತವೆ. ಎರಡು ಕಡೆಯಿಂದಲೂ ಎಳೆತ ಬಿದ್ದು ತಂತು ನಿಂತಲ್ಲೇ ನಿಲ್ಲುತ್ತದೆ. ಆದರೆ ಸ್ನಾಯು ಸೊರಗುವುದಿಲ್ಲ, ಬಿಗಿ ಉಳಿಯುತ್ತದೆ. ಚೆನ್ನಾಗಿರುವ ತಂತು ಬಂದು ಅದಕ್ಕೆ ತಾಗಿದರೆ ದನಿ ಹುಟ್ಟುತ್ತದೆ.

ಈಗ ಆಪರೇಷನ್ ನೋಟ್ಸ್ ತರಿಸಿಕೊಳ್ಳಿ. ಕೇಳುವುದಕ್ಕೆ ಸಂಕೋಚ ಬೇಡ, ಅದು ನಿಮ್ಮ ಹಕ್ಕು. ನರ ಉಳಿದಿದ್ದು ಬರೀ ಎಳೆತಕ್ಕೆ ಸುಸ್ತಾಗಿದ್ದರೆ ತಾನಾಗಿ ಚೇತರಿಸಬಹುದು. ಒಂದು ವರ್ಷದವರೆಗೂ ಅವಕಾಶ ಇದೆ. ತುಂಡಾಗಿದೆ ಅಂತ ಗೊತ್ತಾದರೆ ಕಾಯಬೇಡಿ. ಎರಡು ತುದಿಗಳು ಒಂದಕ್ಕೊಂದು ಎಟುಕದಿದ್ದರೆ ಕತ್ತಿನಲ್ಲೇ ಇರುವ ಆನ್ಸಾ ಸರ್ವೈಕ್ಯಾಲಿಸ್ ಅನ್ನುವ ನರವನ್ನು ತಂದು ತಂತುವಿನ ಕಡೆಯ ತುದಿಗೆ ಜೋಡಿಸುತ್ತಾರೆ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಹಾಗಾಗಿ ಫಲ ಕಾಣಲು ಮೂರರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಅಲ್ಲಿಯವರೆಗೆ ತಂತುವಿಗೆ ಜೆಲ್ ಇಂಜೆಕ್ಷನ್ ಕೊಟ್ಟು ಉಬ್ಬಿಸಿದರೆ ಪಾಠ ಮಾಡಬಹುದು.

ನರ ತಾನಾಗಿ ಚೇತರಿಸದು ಅಂತಾದರೆ ನಿಮ್ಮ ವಯಸ್ಸಿಗೆ ನಾನು ನರ ಜೋಡಣೆಯನ್ನೇ ಹೇಳುತ್ತೇನೆ. ಐವತ್ತು ದಾಟಿದವರಿಗೆ ಅಷ್ಟು ಧೈರ್ಯವಾಗಿ ಹೇಳುವುದಿಲ್ಲ. ಮಾರ್ಕೆಟ್‌ನಲ್ಲಿ ಹಸಿಮೆಣಸಿನಕಾಯಿ ಮಾರುವ ಅಜ್ಜಿಯೊಬ್ಬರು ದನಿ ಏಳದೆ ತಕ್ಕಡಿ ತಟ್ಟಿ ಗಿರಾಕಿ ಕರೆಯುತ್ತಿದ್ದರು. ಅವರಿಗೆ ಥೈರೋಪ್ಲಾಸ್ಟಿ ಮಾಡಿಸಿದೆವು. ಸಣ್ಣ ಬಿಲ್ಲೆ ಇಟ್ಟು ತಂತುವನ್ನು ನಡುವಿಗೆ ತಳ್ಳುವ ಆಪರೇಷನ್ ಅದು. ಟೇಬಲ್ ಮೇಲೆ ಮಲಗಿದ್ದಾಗಲೇ "ಒಂದು, ಎರಡು" ಅಂತ ಎಣಿಸಿದರು. ದನಿ ಕೇಳಿ ಅವರೇ ಬೆಚ್ಚಿದರು.

ಈಗ ನೀರು ಕುಡಿದರೆ ನೆತ್ತಿಗೇರುತ್ತಾ? ಹಾಗಿದ್ದರೆ ನಾಳೆಯೇ ತೋರಿಸಿ. ಶ್ವಾಸಕೋಶಕ್ಕೆ ನೀರು ಇಳಿಯುವುದನ್ನು ನಾನು ಸುಮ್ನೆ ಬಿಡುವುದಿಲ್ಲ.

ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ನರ ಕೂಡುತ್ತಾ? – ಚಳ್ಳಕೆರೆ

ಇಲ್ಲ.

ಕತ್ತು ನೀವಿ ಹದಿನೈದು ದಿನದಲ್ಲಿ ದನಿ ತರುತ್ತೇನೆ ಅಂತ ಒಬ್ಬರು ಹಣ ಕೇಳಿದ್ದಾರೆ. – ಜಗಳೂರು

ಕೊಡಬೇಡಿ. ತಾನಾಗಿ ಚೇತರಿಸಿದ ನರದ ಹೆಸರಲ್ಲಿ ದುಡ್ಡು ಎತ್ತುವವರು ಇವರು. ಹೊಲಿಗೆ ಹಾಕಿದ ಕತ್ತನ್ನು ಅವರ ಕೈಗೆ ಕೊಡುವುದು ನನಗೆ ಭಯ ತರುತ್ತದೆ.

ಯಾವ ಆಪರೇಷನ್ನೂ ಆಗಿಲ್ಲ. ಬೀಡಿ ಸೇದುತ್ತೇನೆ. ಒಂದು ತಿಂಗಳಿಂದ ದನಿ ಒಡೆದಿದೆ. – ಹಿರಿಯೂರು

ಎಡಗಡೆಯ ಸ್ವರತಂತುವಿನ ನರ ಎದೆಗೆ ಇಳಿದು, ಮಹಾಪಧಮನಿಯನ್ನು ಬಳಸಿ ಮತ್ತೆ ಗಂಟಲಿಗೆ ಏರುತ್ತದೆ. ಶ್ವಾಸಕೋಶದ ಗಡ್ಡೆ ಅದನ್ನು ಒತ್ತಬಹುದು. ಈ ವಾರವೇ ಗಂಟಲೊಳಗೆ ಕ್ಯಾಮೆರಾ ಬಿಟ್ಟು ತಂತು ನೋಡುವ ಸ್ಕೋಪ್ ಮಾಡಿಸಿ. ತಂತು ನಿಂತಿದ್ದರೆ ಎದೆಯ ಸಿಟಿ ಸ್ಕ್ಯಾನ್ ಕೂಡ ಆಗಬೇಕು.