ಮುಸುರೆ ಪಾತ್ರೆ ರಾತ್ರಿಯೇ ಮುಗಿಯಬೇಕಾದರೆ

ರಾತ್ರಿ ಎಂಟಕ್ಕೆ ಕಚೇರಿಯಿಂದ ಬಂದು ಒಬ್ಬರೇ ಅಡುಗೆ ಮಾಡಿಕೊಳ್ಳುವ ನೀವು, ಮೂರು ದಿನದ ಪಾತ್ರೆ ಸಿಂಕಿನಲ್ಲಿ ರಾಶಿ ಬೀಳದಂತೆ ದಿನವೂ ತೊಳೆಯುವ ರೂಢಿ ಹೇಗೆ ಬರುತ್ತದೆ ಎಂದು ಕೇಳಿದ್ದೀರಿ. ನಿಮ್ಮನ್ನು ನೀವು ಸೋಮಾರಿ ಎಂದು ಹಳಿದುಕೊಳ್ಳಬೇಡಿ; ಕೆಲಸವನ್ನು ಕಷ್ಟವಾಗಿಸುವುದು ಒಣಗಿದ ಮುಸುರೆ. ರಾಗಿಮುದ್ದೆಯ ಪಾತ್ರೆಯನ್ನೇ ನೋಡಿ: ಮುದ್ದೆ ತೆಗೆದ ಕೂಡಲೇ ನೀರು ತುಂಬಿಸಿಟ್ಟರೆ, ಊಟ ಮುಗಿಯುವಷ್ಟರಲ್ಲಿ ತಳದ ಪದರ ನೆನೆದು ಬೆರಳಿಗೇ ಎದ್ದುಬರುತ್ತದೆ, ಅದೇ ಪಾತ್ರೆ ಬೆಳಗಿನವರೆಗೆ ಒಣಗಿದರೆ ಎಷ್ಟು ತಿಕ್ಕಿದರೂ ಕೈಸೋಲುತ್ತದೆ. ದೋಸೆಹಿಟ್ಟಿನ ಪಾತ್ರೆಯೂ ಹಾಗೆಯೇ. ಹಾಲಿನ ಪಾತ್ರೆಗೆ ಮಾತ್ರ ಮೊದಲು ತಣ್ಣೀರನ್ನೇ ಹಾಕಿ, ಏಕೆಂದರೆ ಬಿಸಿನೀರಿಗೆ ಹಾಲಿನ ಪ್ರೋಟೀನು ಗಟ್ಟಿಯಾಗಿ ಇನ್ನಷ್ಟು ಅಂಟಿಕೊಳ್ಳುತ್ತದೆ. ಬಿಸಿನೀರು ಒಗ್ಗರಣೆಯ ಜಿಡ್ಡಿಗಿರಲಿ.

ಆದ್ದರಿಂದ ಮೊದಲ ವಾರ ಎಲ್ಲವನ್ನೂ ತೊಳೆದು ಮುಗಿಸುವ ಸಂಕಲ್ಪ ಬೇಡ. ಉಂಡ ತಟ್ಟೆಯನ್ನು ಕೈ ತೊಳೆಯುವಾಗಲೇ ತೊಳೆದಿಡಿ, ಉಳಿದದ್ದನ್ನು ನೆನೆಹಾಕಿ. ಇಷ್ಟನ್ನು ತಪ್ಪದೆ ಮಾಡಿ. ಉಂಡ ಕೈಯನ್ನು ನಾವು ಹೇಗೂ ತೊಳೆಯಲೇಬೇಕಷ್ಟೆ, ಆ ಹಳೆಯ ರೂಢಿಗೆ ಇದನ್ನು ಗಂಟುಹಾಕಿದರೆ ಬೇರೆಯಾಗಿ ನೆನಪಿಟ್ಟುಕೊಳ್ಳುವ ಶ್ರಮ ಇರುವುದಿಲ್ಲ. ಎರಡನೆಯ ವಾರ ಬಾಣಲೆಯನ್ನೂ ಕುಕ್ಕರನ್ನೂ ಸೇರಿಸಿಕೊಳ್ಳಿ. ಕುಕ್ಕರಿನ ಮುಚ್ಚಳದ ರಬ್ಬರನ್ನು ಪ್ರತಿಸಲವೂ ಬಿಚ್ಚಿ ತೊಳೆಯಬೇಕು, ಬೇಳೆಯ ನೊರೆ ಅದರ ಸಂದಿನಲ್ಲಿ ಉಳಿದು ನಾರುತ್ತದೆ. ಇನ್ನೊಂದು ಮಾತು: ಕಪಾಟಿನಲ್ಲಿ ಹತ್ತು ತಟ್ಟೆಗಳಿದ್ದರೆ ಹತ್ತೂ ಸಿಂಕಿಗೆ ಬರುತ್ತವೆ. ಎರಡು ತಟ್ಟೆ, ಎರಡು ಲೋಟ ಕೈಗೆ ಸಿಗುವಂತಿಟ್ಟು ಮಿಕ್ಕವನ್ನು ಈ ಭಾನುವಾರವೇ ಅಟ್ಟಕ್ಕೇರಿಸಿಬಿಡಿ.