ಸರ್ಜರಿ ಕೋಡಿಂಗ್‌ಗೆ ಪಿಸಿಎಸ್ ಟೇಬಲ್‌ಗಳನ್ನೆಲ್ಲ ಬಾಯಿಪಾಠ ಮಾಡಬೇಕಾ? ಸಿಪಿಟಿ ಒಂದೇ ಕಲಿತರೆ ಸಾಲದಾ?

ಬಾಯಿಪಾಠ ಮಾತ್ರ ಮಾಡಬೇಡಿ. ನಾನು ಮಾಡಿ ಕೆಟ್ಟವನು. ಪಿಸಿಎಸ್, ಸಿಪಿಟಿ ಎರಡೂ ಅಮೆರಿಕದಲ್ಲಿ ಆಪರೇಷನ್‌ಗಳನ್ನು ಬಿಲ್‌ಗಾಗಿ ಕೋಡ್ ಆಗಿ ಬರೆಯೋ ಪದ್ಧತಿಗಳು.

ಬಿಎಸ್ಸಿ ಮುಗಿಸಿ ಬೆಂಗಳೂರಲ್ಲಿ ಅಮೆರಿಕದ ಆಸ್ಪತ್ರೆಗಳ ಚಾರ್ಟ್ ನೋಡುವ ಕೆಲಸಕ್ಕೆ ಸೇರಿದ್ದೆ. ಟ್ರೈನಿಂಗ್‌ನಲ್ಲಿ ಆಪರೇಷನ್ ಹೆಸರುಗಳ ಪಟ್ಟಿ ಕೊಟ್ಟರು, ಉರು ಹೊಡೆದೆ. ಪಿಸಿಎಸ್‌ನಲ್ಲಿ ಅಂಗದ ಸ್ವಲ್ಪ ಭಾಗ ಕತ್ತರಿಸಿ ತೆಗೆದರೆ ಎಕ್ಸಿಶನ್, ಪೂರ್ತಿ ತೆಗೆದರೆ ರಿಸೆಕ್ಷನ್. ಏಳು ಅಕ್ಷರದ ಕೋಡಿನಲ್ಲಿ ಮೂರನೆಯದು ಬಿ ಆಗುತ್ತೋ ಟಿ ಆಗುತ್ತೋ ಅನ್ನೋದು ಇದರ ಮೇಲೆ. ಇಷ್ಟು ಗೊತ್ತಿತ್ತು, ಸಾಕು ಅಂದುಕೊಂಡಿದ್ದೆ.

ಎಡ ಶ್ವಾಸಕೋಶದ ಮೇಲಿನ ಲೋಬ್ (ಅಂಗದ ಒಂದು ವಿಭಾಗ) ತೆಗೆದ ಕೇಸ್ ಬಂತು. ಶ್ವಾಸಕೋಶ ಇನ್ನೂ ಎದೆಯಲ್ಲೇ ಇದೆ, ಹೋಗಿರೋದು ಒಂದು ಲೋಬ್, ಅಂದಮೇಲೆ ಭಾಗ ತಾನೇ? ಎಕ್ಸಿಶನ್, ಎಡ ಶ್ವಾಸಕೋಶ ಅಂತ ಹಾಕಿ ಕಳಿಸಿದೆ. ಆದರೆ ಪೂರ್ತಿ ಯಾವುದು ಅಂತ ತೀರ್ಮಾನಿಸೋದು ನಮ್ಮ ಅಂದಾಜಲ್ಲ, ದೇಹದ ಯಾವ ಭಾಗ ಅಂತ ಹೇಳೋ ನಾಲ್ಕನೇ ಅಕ್ಷರ. ಟೇಬಲ್‌ನಲ್ಲಿ ಆ ಲೋಬ್‌ಗೆ ಜಿ ಅಂತ ಸ್ವಂತ ಅಕ್ಷರವೇ ಇದೆ. ಸ್ವಂತ ಅಕ್ಷರ ಇರೋದು ಇಡಿಯಾಗಿ ಹೋದರೆ ರಿಸೆಕ್ಷನ್. ಅದೇ ಲೋಬ್‌ನ ಒಂದು ತುಂಡಷ್ಟೇ ತೆಗೆದಿದ್ದರೆ ಎಕ್ಸಿಶನ್. ಲಿವರ್‌ನ ಬಲ, ಎಡ ಲೋಬ್‌ಗೂ ಇದೇ ಲೆಕ್ಕ. ಪಿಸಿಎಸ್ ಮಾರ್ಗಸೂಚಿಯ ಬಿ3.8ನೇ ನಿಯಮದಲ್ಲಿ ಉದಾಹರಣೆಗೆ ಅಂತ ಅಚ್ಚಾಗಿರೋದೂ ಇದೇ ಎಡ ಮೇಲಿನ ಲೋಬ್! ನಾನು ಪಟ್ಟಿ ಓದಿದ್ದೆ, ಮಾರ್ಗಸೂಚಿ ತೆರೆದಿರಲಿಲ್ಲ. ಆಡಿಟರ್ ಹಿಡಿಯೋ ಹೊತ್ತಿಗೆ ಲೋಬ್ ತೆಗೆದ ಕೇಸ್‌ಗಳಿಗೆಲ್ಲ ಅದೇ ಎಕ್ಸಿಶನ್‌ನ ಬಿ ಹಾಕಿದ್ದೆ. ಇನ್ಸೆಂಟಿವ್ ಹೋಯ್ತು, ಮತ್ತೆ ಟ್ರೈನಿಂಗ್ ಬೆಂಚಿಗೆ ಕೂರಿಸಿದರು.

ಸಿಪಿಟಿನಾ ಪಿಸಿಎಸ್‌ನಾ ಅನ್ನೋದು ನಿಮ್ಮ ಆಯ್ಕೆಯೇ ಅಲ್ಲ. ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರೆ ಸರ್ಜನ್ ಬಿಲ್‌ಗೆ ಸಿಪಿಟಿ 47562. ರೋಗಿ ಅಡ್ಮಿಟ್ ಆಗಿದ್ದರೆ ಆಸ್ಪತ್ರೆ ಬಿಲ್‌ಗೆ ಪಿಸಿಎಸ್. 2015ರ ಅಕ್ಟೋಬರ್ 1ರಿಂದ ಅಲ್ಲಿ ಹೀಗೇ. ನಿಮಗೆ ಯಾವ ಪ್ರಾಜೆಕ್ಟ್ ಕೊಡ್ತಾರೋ ಅದು.

ಡಾಕ್ಟರ್ ಪಿಸಿಎಸ್ ಭಾಷೆಯಲ್ಲಿ ಬರೀತಾರೆ ಅಂತಲೂ ಕಾಯಬೇಡಿ. ಅವರು ಬರೆದದ್ದು ಯಾವ ರೂಟ್ ಆಪರೇಷನ್‌ಗೆ (ಎಕ್ಸಿಶನ್, ರಿಸೆಕ್ಷನ್ ತರಹದ ಮೂಲ ಕ್ರಿಯೆ) ಕೂರುತ್ತೆ ಅಂತ ನೋಡೋದು ಕೋಡರ್ ಕೆಲಸ ಅಂತ ಮಾರ್ಗಸೂಚಿಯ ಎ11 ಸ್ಪಷ್ಟವಾಗಿ ಹೇಳುತ್ತೆ. ಹಾಗಾಗಿ ಆಪರೇಟಿವ್ ನೋಟ್‌ನ ತಲೆಬರಹ ನಂಬದೆ ಒಳಗೆ ಓದಿ. ಮೇಲೆ ಲ್ಯಾಪ್ರೊಸ್ಕೋಪಿಕ್ ಅಂತಿರುತ್ತೆ. ನಾಲ್ಕನೇ ಪ್ಯಾರಾದಲ್ಲಿ, ಒಳಗೆಲ್ಲ ಅಂಟಿಕೊಂಡಿತ್ತು, ಹೊಟ್ಟೆ ಕೊಯ್ದೆವು ಅಂತಿರುತ್ತೆ. ಆಗ ಓಪನ್ ರಿಸೆಕ್ಷನ್ ಒಂದು ಕೋಡ್, ಮೊದಲು ಕ್ಯಾಮೆರಾದಲ್ಲಿ ನೋಡಿದ್ದಕ್ಕೆ ಇನ್‌ಸ್ಪೆಕ್ಷನ್ ಇನ್ನೊಂದು.

ಅಡ್ಮಿಟ್ ಆದ ರೋಗಿಗಳ ಕೋಡಿಂಗ್‌ಗೆ ಇರೋ ಸಿಐಸಿ ಸರ್ಟಿಫಿಕೇಟ್ ಪರೀಕ್ಷೆಗೇ ಪುಸ್ತಕ ತೆರೆದು ಬರೆಯಬಹುದು, ಇನ್ನು ಬಾಯಿಪಾಠ ಯಾಕೆ? ಟೇಬಲ್, ಮಾರ್ಗಸೂಚಿ ಎರಡೂ ಸಿಎಂಎಸ್ (ಮೆಡಿಕೇರ್ ನಡೆಸೋ ಅಮೆರಿಕ ಸರ್ಕಾರದ ಸಂಸ್ಥೆ) ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತೆ. ಪ್ರತಿ ಅಕ್ಟೋಬರ್‌ಗೆ ಹೊಸದು ಬರುತ್ತೆ. ಇನ್‌ಸ್ಟಿಟ್ಯೂಟ್‌ನವರು ಹಳೇ ಜೆರಾಕ್ಸ್ ಕೈಗಿಟ್ಟರೆ ತಗೋಬೇಡಿ.