ಲೇಬಲ್ (ರೆಕಾರ್ಡ್ ಕಂಪನಿ) ಇಲ್ಲದೆ ಡಾರ್ಕ್ ಎಲೆಕ್ಟ್ರಾನಿಕ್ ರಾಕ್ ಬ್ಯಾಂಡ್ ಬೆಳೆಯುತ್ತಾ?

ಹಾಡುಗಳನ್ನು ಪುಕ್ಕಟೆ ಕೊಟ್ಟರೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳಿದ್ದೀರಿ. ಇದೇ ಶೈಲಿಯ ಅಮೆರಿಕದ ಬ್ಯಾಂಡ್ ನೈನ್ ಇಂಚ್ ನೇಲ್ಸ್ ಕಥೆ ನೋಡಿ. ಅದನ್ನು ಕಟ್ಟಿದ ಟ್ರೆಂಟ್ ರೆಜ್ನರ್ ಅಲ್ಲಿನ ಕ್ಲೀವ್‌ಲ್ಯಾಂಡ್‌ನ ಸ್ಟುಡಿಯೋ ಒಂದರಲ್ಲಿ ಕಸ ಗುಡಿಸುವುದೂ ಸೇರಿ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದರು. ಅದು ಖಾಲಿ ಇದ್ದಾಗ ಡೆಮೊ (ಹಾಡುಗಳ ಮಾದರಿ) ರೆಕಾರ್ಡ್ ಮಾಡಿಕೊಂಡರು. 1989ರಲ್ಲಿ ಮೊದಲ ಆಲ್ಬಮ್ ಬಂತು. ಆಮೇಲೆ ಲೇಬಲ್‌ಗಳ ಜೊತೆ ಜಗಳ. ಅದು ದೊಡ್ಡ ಪುರಾಣ, ಬಿಡಿ. 2007ರಲ್ಲಿ ಒಪ್ಪಂದ ಮುಗಿದು ಸ್ವತಂತ್ರರಾದರು.

ಮರುವರ್ಷ ಬಂದಿದ್ದು 36 ತುಣುಕುಗಳ ವಾದ್ಯಸಂಗೀತ. ಮೊದಲ 9 ಪುಕ್ಕಟೆ, ಪೂರ್ತಿ ಡೌನ್‌ಲೋಡ್‌ಗೆ 5 ಡಾಲರ್. ಜೊತೆಗೆ ಅದೇ ಸಂಗೀತದ, ರೆಜ್ನರ್ ಸಹಿ ಹಾಕಿದ 2,500 ವಿಶೇಷ ಸೆಟ್‌ಗಳು, ತಲಾ 300 ಡಾಲರ್. ಅವೆಲ್ಲ ಬೇಗ ಖಾಲಿಯಾದವು. ಲೆಕ್ಕ ಹಾಕಿ, ಅದೊಂದರಿಂದಲೇ 7.5 ಲಕ್ಷ ಡಾಲರ್ ವ್ಯಾಪಾರ! ಆದರೆ ಕೊಂಡ ಅಭಿಮಾನಿ ಬಳಗ ಲೇಬಲ್ ಕಾಲದಲ್ಲೇ ಬೆಳೆದಿತ್ತು, ಅಲ್ವಾ? ನಿಮ್ಮ ಬ್ಯಾಂಡ್ ಹೊಸದಾದರೆ ದುಬಾರಿ ಸೆಟ್ ಈಗಲೇ ಬೇಡ.